ಮಳೆ ಚಿರಾಪುಂಜಿಯದು, ಮಣ್ಣು ಮಾತ್ರ ಒಂದು ಗೇಣು

2022ರ ಜೂನ್ 17ರ ಬೆಳಿಗ್ಗೆಗೆ ಮುಗಿದ 24 ಗಂಟೆಗಳಲ್ಲಿ ಚಿರಾಪುಂಜಿಯಲ್ಲಿ 972 ಮಿಲಿಮೀಟರ್ ಮಳೆಯಾಯಿತು. ಬೆಂಗಳೂರಿಗೆ ಇಡೀ ವರ್ಷದಲ್ಲಿ ಸರಾಸರಿ ಬೀಳುವುದು ಹೆಚ್ಚುಕಡಿಮೆ ಇಷ್ಟೇ. ಚಿರಾಪುಂಜಿಯ ವಾರ್ಷಿಕ ಸರಾಸರಿ 11,000 ಮಿ.ಮೀ. ದಾಟುತ್ತದೆ. 1860ರ ಆಗಸ್ಟ್‌ನಿಂದ 1861ರ ಜುಲೈವರೆಗಿನ ಹನ್ನೆರಡು ತಿಂಗಳಲ್ಲಿ ಅಲ್ಲಿ ದಾಖಲಾದ 26,461 ಮಿ.ಮೀ. ಇಂದಿಗೂ ವಿಶ್ವದಾಖಲೆ.

ಆಗುಂಬೆಯನ್ನು ‘ದಕ್ಷಿಣದ ಚಿರಾಪುಂಜಿ’ ಎಂದು ಶಾಲೆಯಲ್ಲಿ ಓದಿಕೊಂಡವರು ನಾವು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ, ಹಗಲಲ್ಲೂ ಕತ್ತಲೆನಿಸುವ ಕಾಡು. ಹಾಗಾದರೆ ಅಸಲಿ ಚಿರಾಪುಂಜಿಯಲ್ಲಿ ಕಾಡು ಇನ್ನೆಷ್ಟು ದಟ್ಟವಾಗಿರಬೇಡ ಎಂದುಕೊಂಡು ಮೇಘಾಲಯ ಪ್ರವಾಸಕ್ಕೆ ಹೋದವರಿಗೆ ಅಲ್ಲಿ ಸಿಗುವುದು ಬೇರೆಯೇ ನೋಟ. ಉದ್ದಕ್ಕೂ ಹುಲ್ಲು, ನಡುನಡುವೆ ಮೇಲೆದ್ದ ಬೋಳು ಬಂಡೆ, ಅಲ್ಲೊಂದು ಇಲ್ಲೊಂದು ಕುರುಚಲು ಗಿಡ. ಜನವರಿಯಲ್ಲಿ ಹೋದರಂತೂ ನೀರಿನ ಟ್ಯಾಂಕರ್ ಕೂಡ ಕಾಣಿಸುತ್ತದೆ. ‘ಅಷ್ಟು ಮಳೆ ಬಂದು ಏನಾಯಿತು?’ ಎಂಬ ಪ್ರಶ್ನೆ ಆಗಲೇ ಹುಟ್ಟುವುದು. ಅದಕ್ಕೆ ಉತ್ತರ ಆಕಾಶದಲ್ಲಿ ಸಿಗುವುದಿಲ್ಲ, ಕಾಲಡಿಯ ಒಂದು ಗೇಣು ಮಣ್ಣು ಮತ್ತು ಅದರ ಕೆಳಗಿನ ಮರಳುಗಲ್ಲನ್ನು ನೋಡಬೇಕು.

ಮಣ್ಣು ಆಗುವುದು ಹೇಗೆ

ಮಣ್ಣೆಂದರೆ ಕಲ್ಲಿನ ಪುಡಿ ಮತ್ತು ಕೊಳೆತ ಜೀವಿಗಳು ಸೇರಿದ್ದು. ಜೊತೆಗೆ ಸಂದುಗಳಲ್ಲಿ ನೀರು, ಗಾಳಿ. ಕಲ್ಲು ಪುಡಿಯಾಗುವುದರಲ್ಲಿ ಎರಡು ಬಗೆ. ಬಿಸಿಲು, ಚಳಿ, ಬೇರುಗಳ ಒತ್ತಡಕ್ಕೆ ಒಡೆದು ಚೂರಾಗುವುದು ಒಂದು. ನೀರು ಮತ್ತು ಅದರಲ್ಲಿ ಕರಗಿದ ಆಮ್ಲ ತಾಗಿ, ಖನಿಜವೇ ಬದಲಾಗಿ ಬೇರೊಂದು ವಸ್ತುವಾಗುವುದು ಇನ್ನೊಂದು. ಬೆಳೆಗೂ ಕಾಡಿಗೂ ಬೇಕಾದ್ದು ಈ ಎರಡನೆಯ ಬದಲಾವಣೆ. ಜೇಡಿ ಹುಟ್ಟುವುದು ಅದರಿಂದಲೇ.

ಜೇಡಿಗೇಕೆ ಅಷ್ಟು ಮಹತ್ವ? ಅದರ ಕಣಗಳು ಕಣ್ಣಿಗೆ ಕಾಣದಷ್ಟು ಸಣ್ಣವು, ಎರಡು ಮೈಕ್ರಾನ್‌ಗಿಂತ ಚಿಕ್ಕವು. ಕಣ ಸಣ್ಣದಾದಷ್ಟೂ ಒಂದು ಹಿಡಿ ಮಣ್ಣಿನಲ್ಲಿರುವ ಒಟ್ಟು ಮೈ ಹೆಚ್ಚಾಗುತ್ತದೆ. ಅದಕ್ಕೆ ನೀರು ಅಂಟಿಕೊಳ್ಳುತ್ತದೆ. ಈ ಕಣಗಳ ಮೇಲೆ ಋಣ ವಿದ್ಯುದಂಶ ಇರುವುದರಿಂದ ಗಿಡಕ್ಕೆ ಬೇಕಾದ ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂ ಕೂಡ ಅಲ್ಲೇ ಹಿಡಿದು ನಿಲ್ಲುತ್ತವೆ. ಮರಳಿನ ಕಣಕ್ಕೆ ಈ ಎರಡು ಗುಣಗಳೂ ತೀರಾ ಕಡಿಮೆ.

ಯಾವ ಕಲ್ಲಿನಿಂದ ಎಷ್ಟು ಜೇಡಿ ಬರುತ್ತದೆ ಎಂಬುದು ಕಲ್ಲಿನೊಳಗಿನ ಖನಿಜಗಳ ಮೇಲೆ ನಿಂತಿದೆ. ಉತ್ತರ ಕರ್ನಾಟಕದ ಎರೆಮಣ್ಣು ಹೆಚ್ಚಾಗಿ ಬಸಾಲ್ಟ್‌ನಿಂದ ಬಂದದ್ದು. ಬೇಗ ಬದಲಾಗುವ ಖನಿಜಗಳು ತುಂಬಿರುವ ಆ ಕಲ್ಲು ಜೇಡಿಯನ್ನು ಧಾರಾಳವಾಗಿ ಕೊಡುತ್ತದೆ. ಗ್ರಾನೈಟ್, ನೈಸ್‌ಗಳಲ್ಲಿ ಫೆಲ್ಡ್‌ಸ್ಪಾರ್ ಮತ್ತು ಕಾಗೆಬಂಗಾರ ಇರುವುದರಿಂದ ಅವೂ ತಕ್ಕಮಟ್ಟಿಗೆ ಕೊಡುತ್ತವೆ. ಮರಳುಗಲ್ಲಿನ ವಿಷಯಕ್ಕೆ ಬಂದರೆ ಲೆಕ್ಕ ತಪ್ಪುತ್ತದೆ.

ಸವೆದರೂ ಮರಳೇ

ಮೇಘಾಲಯದ ಪ್ರಸ್ಥಭೂಮಿಯ ತಳದಲ್ಲಿರುವುದು ಬಹಳ ಹಳೆಯ ನೈಸ್ ಮತ್ತು ಕ್ವಾರ್ಟ್ಜೈಟ್ ಶಿಲೆ. ಅದರ ದಕ್ಷಿಣದ ಅಂಚು ಆರೇಳು ಕೋಟಿ ವರ್ಷಗಳ ಆಸುಪಾಸಿನಲ್ಲಿ ಸಮುದ್ರ ತೀರವಾಗಿತ್ತು. ಅಲ್ಲಿ ಪದರ ಪದರವಾಗಿ ಮರಳು ಬಿದ್ದು ಮರಳುಗಲ್ಲಾಯಿತು. ಸುಣ್ಣದ ಕಲ್ಲು, ಕಲ್ಲಿದ್ದಲು ಕೂಡ ಆಮೇಲೆ ಸೇರಿಕೊಂಡವು. ಸ್ಥಳೀಯರು ಸೊಹ್ರಾ ಎಂದು ಕರೆಯುವ ಚಿರಾಪುಂಜಿ ಕೂತಿರುವುದು ಈ ಪದರಗಳ ಮೇಲೆ, ಸುಮಾರು 1,300 ಮೀಟರ್ ಎತ್ತರದಲ್ಲಿ. ಪದರಗಳು ಹೆಚ್ಚು ಓರೆಯಾಗದೆ ಮಟ್ಟಸವಾಗಿ ಉಳಿದಿರುವುದರಿಂದ ನೆತ್ತಿ ಚಪ್ಪಟೆ, ಅಂಚು ಕಡಿದಾದ ಪ್ರಪಾತ. ಬಾಂಗ್ಲಾದೇಶದ ಬಯಲಿನಿಂದ ಬರುವ ಮುಂಗಾರಿನ ಮೋಡ ಈ ಅಂಚಿಗೆ ಬಡಿದು ಒಮ್ಮೆಲೇ ಮೇಲೇರುತ್ತದೆ. ಮಳೆಯ ಗುಟ್ಟು ಅಷ್ಟೇ.

ಸಾಲದ್ದಕ್ಕೆ ಇದೇ ಊರಿನ ಹತ್ತಿರದ ಮಾವ್ಮ್ಲುಹ್ ಗುಹೆಯ ಸುಣ್ಣದ ಕಂಬವೊಂದನ್ನು ಆಧಾರವಾಗಿಟ್ಟುಕೊಂಡು, ಸುಮಾರು 4,200 ವರ್ಷಗಳಿಂದ ಈಚಿನ ಭೂಕಾಲಕ್ಕೆ ‘ಮೇಘಾಲಯನ್’ ಎಂಬ ಹೆಸರನ್ನು 2018ರಲ್ಲಿ ಅಧಿಕೃತಗೊಳಿಸಲಾಯಿತು. ನಾವೆಲ್ಲ ಈಗ ಬದುಕುತ್ತಿರುವುದು ಆ ಕಾಲದಲ್ಲೇ. ಇರಲಿ, ಮಣ್ಣಿಗೆ ಬರೋಣ.

ಮರಳುಗಲ್ಲಿನ ಬಹುಪಾಲು ಕಣ ಕ್ವಾರ್ಟ್ಜ್, ಅಂದರೆ ನಮ್ಮ ಬೆಣಚುಕಲ್ಲಿನ ಖನಿಜ. ರಾಸಾಯನಿಕವಾಗಿ ಅದು ಮಹಾ ಹಠಮಾರಿ. ನೀರಿನಲ್ಲಿ ಕರಗುವುದು ಅತ್ಯಲ್ಪ, ಬೇರೊಂದು ಖನಿಜವಾಗಿ ಬದಲಾಗುವುದಂತೂ ಇಲ್ಲವೇ ಇಲ್ಲ. ಕಣಗಳನ್ನು ಹಿಡಿದಿಟ್ಟಿದ್ದ ಸಿಲಿಕಾ ಅಥವಾ ಕಬ್ಬಿಣದ ಬೆಸುಗೆ ಬಿಟ್ಟುಕೊಂಡಾಗ ಕಲ್ಲು ಉದುರಿ ಮತ್ತೆ ಮರಳೇ ಆಗುತ್ತದೆ. ಹೀಗಾಗಿ ಇಲ್ಲಿ ಮಣ್ಣು ಹುಟ್ಟುವುದೂ ನಿಧಾನ, ಹುಟ್ಟಿದ್ದರಲ್ಲಿ ಜೇಡಿಯೂ ಕಮ್ಮಿ. ಒದ್ದೆ ಮಣ್ಣನ್ನು ಅಂಗೈಯಲ್ಲಿ ಹೊಸೆದು ನೋಡಿದರೆ ಇದು ತಿಳಿಯುತ್ತದೆ. ಜೇಡಿಯಿದ್ದರೆ ಬತ್ತಿಯಂತೆ ಉದ್ದಕ್ಕೆ ಬರುತ್ತದೆ, ಮರಳಾದರೆ ಬೆರಳ ಸಂದಿಯಲ್ಲೇ ಉದುರುತ್ತದೆ.

ಇಂಥ ಕಡೆ ನೆಲ ಅಗೆದರೆ ಕಾಣುವುದು ತೀರಾ ಸರಳ ರಚನೆ. ಮೇಲೆ ಬೇರಿನಿಂದ ಹೆಣೆದುಕೊಂಡ ಕಪ್ಪು ಅಥವಾ ಕಂದು ಮಣ್ಣು, ಅದರಡಿ ಒಂದಿಷ್ಟು ಕಲ್ಲುಚೂರು, ಆಮೇಲೆ ನೇರವಾಗಿ ಬಂಡೆ. ಮಲೆನಾಡಿನಲ್ಲಿ ಬಾವಿ ತೋಡುವಾಗ ಮೇಲ್ಮಣ್ಣಿನ ಕೆಳಗೆ ಆಳುದ್ದ ಸಿಗುವ ಕೆಮ್ಮಣ್ಣಿನ ಪದರ ಇಲ್ಲಿಲ್ಲ. 25 ಸೆಂಟಿಮೀಟರಿನೊಳಗೆ ಅಖಂಡ ಬಂಡೆ ತಾಗುವ ಮಣ್ಣನ್ನು ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ‘ಲೆಪ್ಟೊಸಾಲ್’ ಎನ್ನುತ್ತಾರೆ. ಇದೇನೂ ಅಪರೂಪದ ಜಾತಿಯಲ್ಲ. ಜಗತ್ತಿನಲ್ಲಿ ಅತಿ ಹೆಚ್ಚು ಜಾಗ ಆವರಿಸಿರುವ ಮಣ್ಣಿನ ಗುಂಪು ಇದೇ, ಸುಮಾರು 165 ಕೋಟಿ ಹೆಕ್ಟೇರ್. ಬಹುಪಾಲು ಇರುವುದು ಬೆಟ್ಟಗಳಲ್ಲಿ.

972 ಮಿ.ಮೀ. ಬಂದರೆ ನಿಲ್ಲುವುದೆಷ್ಟು

ಒಂದು ಲೆಕ್ಕ ಹಾಕೋಣ. ಮರಳು ಮಣ್ಣಿನಲ್ಲಿ ಹತ್ತಿರ ಹತ್ತಿರ ಶೇಕಡಾ 40ರಷ್ಟು ಜಾಗ ಖಾಲಿ ಸಂದು. ಒಂದು ಗೇಣು, ಅಂದರೆ 20 ಸೆಂ.ಮೀ. ಮಣ್ಣಿನ ಎಲ್ಲ ಸಂದೂ ತುಂಬಿದರೆ ಹಿಡಿಯುವ ನೀರು 80 ಮಿ.ಮೀ. ಮಾತ್ರ. ಬಿದ್ದದ್ದು 972 ಆಗಿದ್ದರೆ ಉಳಿದದ್ದೆಲ್ಲ ಬಂಡೆಯ ಮೇಲೆ ಜಾರಿ ಜಲಪಾತವಾಗಿ ಪ್ರಪಾತಕ್ಕೆ ಧುಮುಕಬೇಕು, ಅಥವಾ ಕಲ್ಲಿನ ಸೀಳುಗಳಲ್ಲಿ ಇಳಿದುಹೋಗಬೇಕು.

ಆ 80 ಕೂಡ ಉಳಿಯುವುದಿಲ್ಲ. ಮಳೆ ನಿಂತ ಒಂದೆರಡು ದಿನದಲ್ಲಿ ದೊಡ್ಡ ಸಂದುಗಳ ನೀರು ಬಸಿದು ಹೋಗುತ್ತದೆ. ಗಿಡದ ಬೇರಿಗೆ ಎಟಕುವಂತೆ ಉಳಿಯುವುದು ಪ್ರತಿ 10 ಸೆಂ.ಮೀ. ಮರಳು ಮಣ್ಣಿಗೆ 6ರಿಂದ 8 ಮಿ.ಮೀ. ಅಂದರೆ ಒಂದು ಗೇಣಿಗೆ ಹದಿನೈದರ ಆಸುಪಾಸು. ಬಿಸಿಲಿನ ದಿನ ಹುಲ್ಲು ಮತ್ತು ನೆಲದಿಂದ ಎರಡು-ಮೂರು ಮಿ.ಮೀ. ಆವಿಯಾದರೆ, ವಾರದಲ್ಲಿ ಖಜಾನೆ ಖಾಲಿ. ಮೂರು ಮೀಟರ್ ಆಳದ ಒಳ್ಳೆಯ ಗೋಡುಮಣ್ಣಿನಲ್ಲಾದರೆ ಇದೇ ಲೆಕ್ಕ 400 ಮಿ.ಮೀ. ದಾಟುತ್ತದೆ. ಆಗುಂಬೆಯ ಸುತ್ತ ಕಾಡು ಬೇಸಿಗೆಯಲ್ಲೂ ಹಸಿರಾಗಿರುವುದಕ್ಕೆ ಆಳವಾಗಿ ಶಿಥಿಲಗೊಂಡ ಕಲ್ಲು ಮತ್ತು ಅದರ ಮೇಲಿನ ಮಣ್ಣು ಒಂದು ಮುಖ್ಯ ಕಾರಣ.

ನೀರು ಬರಿಗೈಯಲ್ಲೂ ಹೋಗುವುದಿಲ್ಲ. ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂ ತೊಳೆದುಕೊಂಡು ಹೋಗುತ್ತದೆ. ಆ ಜಾಗಕ್ಕೆ ಹೈಡ್ರೋಜನ್ ಮತ್ತು ಅಲ್ಯೂಮಿನಿಯಂ ಬಂದು ಕೂರುತ್ತವೆ. ಮಣ್ಣು ಹುಳಿಯಾಗುವುದು ಹೀಗೆ. ಪಿಎಚ್ ಐದಕ್ಕಿಂತ ಕೆಳಗಿಳಿದಾಗ ಅಲ್ಯೂಮಿನಿಯಂ ಕರಗಿ ಬೇರಿನ ತುದಿಯನ್ನೇ ಸುಡುತ್ತದೆ, ರಂಜಕ ಇದ್ದರೂ ಗಿಡಕ್ಕೆ ಸಿಗದಂತೆ ಕಟ್ಟಿಬೀಳುತ್ತದೆ. ಮಲೆನಾಡಿನ ಅಡಿಕೆ ತೋಟಕ್ಕೆ ಸುಣ್ಣ ಹಾಕುವುದು ಈ ಹುಳಿಯನ್ನು ಇಳಿಸಲಿಕ್ಕೇ.

ಹುಳಿ ಮತ್ತು ಬಡತನ ಎರಡೂ ಸೇರಿದ ನೆಲದಲ್ಲಿ ಕೆಲವು ಗಿಡಗಳು ಸಾರಜನಕಕ್ಕೆ ಮಣ್ಣನ್ನು ನಂಬುವುದನ್ನೇ ಬಿಟ್ಟಿವೆ. ಭಾರತದ ಏಕೈಕ ಸ್ಥಳೀಯ ಹೂಜಿ ಗಿಡ ನೆಪೆಂಥಿಸ್ ಖಾಸಿಯಾನಾ ಇರುವುದು ಮೇಘಾಲಯದಲ್ಲಿ. ಎಲೆಯ ತುದಿಯ ಹೂಜಿಗೆ ಬಿದ್ದ ಕೀಟವನ್ನು ಅದು ಅರಗಿಸಿಕೊಳ್ಳುತ್ತದೆ. ನಮ್ಮ ಕರಾವಳಿ, ಮಲೆನಾಡಿನ ಮುರಕಲ್ಲು ಹಾಸಿನ ಮೇಲೆ ಮಳೆಗಾಲದಲ್ಲಿ ಕೆಂಪಗೆ ಮಿನುಗುವ ಡ್ರೊಸೆರಾ ಮಾಡುವುದೂ ಇದೇ ಕೆಲಸ.

ಹುಲ್ಲಿಗೆ ಹೇಗೆ ಸಾಕಾಗುತ್ತದೆ

ಮರಕ್ಕೆ ನಿಲ್ಲಲು ಆಳ ಬೇಕು. ಗಾಳಿಗೆ ಬೀಳದಿರಲು ಬೇರು ಇಳಿಯಬೇಕು, ನಾಲ್ಕು ತಿಂಗಳ ಒಣ ಹವೆ ದಾಟಲು ನೀರಿನ ದಾಸ್ತಾನು ಬೇಕು. ಹುಲ್ಲಿಗೆ ಇವೆರಡೂ ಅಷ್ಟಾಗಿ ಬೇಡ. ಅದರ ಬೇರು ಕೂದಲಿನಂತೆ ತೆಳ್ಳಗೆ, ಮೇಲಿನ ಕೆಲವೇ ಇಂಚಿನಲ್ಲಿ ಹರಡಿರುತ್ತದೆ. ನೀರು ಮುಗಿದಾಗ ಮೇಲಿನ ಎಲೆ ಒಣಗಿಸಿಕೊಂಡು ಬುಡದಲ್ಲಿ ಜೀವ ಹಿಡಿದಿಟ್ಟುಕೊಳ್ಳುತ್ತದೆ. ಬೆಂಕಿ ಬಿದ್ದರೂ ದನ ಮೇಯ್ದರೂ ಅದರ ಚಿಗುರು ನೆಲಮಟ್ಟದಲ್ಲಿ ಕ್ಷೇಮ.

ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿದೆ. ಹುಲ್ಲಿನ ದೇಹದ ದೊಡ್ಡ ಭಾಗ ಇರುವುದು ನೆಲದೊಳಗೆ. ಪ್ರತಿ ವರ್ಷ ಒಂದಿಷ್ಟು ಬೇರು ಸತ್ತು ಅಲ್ಲೇ ಕೊಳೆಯುತ್ತದೆ. ತಂಪು, ತೇವ, ಹುಳಿ ಮೂರೂ ಸೇರಿದಲ್ಲಿ ಕೊಳೆಯುವಿಕೆ ನಿಧಾನ, ಹಾಗಾಗಿ ಕಪ್ಪು ಹ್ಯೂಮಸ್ ಕೂಡಿಬರುತ್ತದೆ. ಜೇಡಿ ಮಾಡಬೇಕಿದ್ದ ನೀರು-ಪೋಷಕಾಂಶ ಹಿಡಿಯುವ ಕೆಲಸವನ್ನು ಇಂಥ ಮಣ್ಣಿನಲ್ಲಿ ಹ್ಯೂಮಸ್ಸೇ ಮಾಡಬೇಕು. ಅದು ಇರುವುದು ಮೇಲಿನ ನಾಲ್ಕಾರು ಬೆರಳಿನಷ್ಟು ದಪ್ಪದಲ್ಲಿ ಮಾತ್ರ. ಅಷ್ಟನ್ನು ಕೆರೆದು ತೆಗೆದರೆ ಉಳಿಯುವುದು ಬರೀ ಮರಳು, ಕಲ್ಲು.

ಅಷ್ಟು ಮಳೆಗೆ ಆ ಮಣ್ಣೂ ಎಂದೋ ತೊಳೆದುಹೋಗಬೇಕಿತ್ತಲ್ಲ ಎಂದು ಕೇಳಬಹುದು. ಸಾಕಷ್ಟು ಹೋಗಿಯೇ ಇದೆ. ಆದರೆ ಸಣ್ಣ ಕಣ ಕೊಚ್ಚಿಹೋದ ಮೇಲೆ ದಪ್ಪ ಮರಳು, ಜಲ್ಲಿ ಮೇಲ್ಮೈಯಲ್ಲಿ ಉಳಿದು ಹಾಸಿದಂತಾಗುತ್ತದೆ. ಹನಿಯ ಹೊಡೆತವನ್ನು ಆ ಹಾಸು ತಡೆಯುತ್ತದೆ, ಹುಲ್ಲಿನ ಬೇರು ಕೆಳಗಿನದನ್ನು ಹಿಡಿಯುತ್ತದೆ. ಸೊಹ್ರಾದ ಹಲವು ಕಡೆ ಈಗಿರುವ ನೆಲ ಹೀಗೆ ಕವಚ ತೊಟ್ಟ ನೆಲ. ಅಗೆತ, ಕಲ್ಲು-ಮರಳಿನ ಕ್ವಾರಿ, ವಾಹನದ ಜಾಡು ಆ ಹಾಸನ್ನು ಒಡೆದ ಕಡೆ ಸವೆತ ಮತ್ತೆ ಶುರು.

ಅದೇ ಕಲ್ಲಿನ ಮೇಲೆ ದೇವರ ಕಾಡು

ಇಲ್ಲಿಯವರೆಗೆ ಓದಿದವರು ಸೊಹ್ರಾದಲ್ಲಿ ಮರ ಬೆಳೆಯಲು ಸಾಧ್ಯವೇ ಇಲ್ಲ ಎಂದುಕೊಂಡರೆ ತಪ್ಪಾಗುತ್ತದೆ. ಹುಲ್ಲುಗಾವಲಿನ ನಡುವೆಯೇ, ಅದೇ ಮಳೆಯಲ್ಲಿ, ಅಲ್ಲಲ್ಲಿ ದಟ್ಟ ಕಾಡಿನ ತುಣುಕುಗಳಿವೆ. ಖಾಸಿ ಜನ ‘ಲಾ ಕಿಂತಾಂಗ್’ ಎಂದು ಕಾಪಾಡಿಕೊಂಡು ಬಂದ ದೇವರ ಕಾಡುಗಳು ಅವು. ಕೊಡಗಿನ ದೇವರಕಾಡಿನ ಹಾಗೆ ಅಲ್ಲೂ ಮರ ಕಡಿಯುವುದು ನಿಷಿದ್ಧ.

ಬಡ ಮಣ್ಣಿನಲ್ಲಿ ಇದು ಹೇಗೆ ನಿಂತಿತು? ಪರಿಸರ ವಿಜ್ಞಾನಿ ಪಿ. ಎಸ್. ರಾಮಕೃಷ್ಣನ್ ಮತ್ತು ಆರ್. ಎಸ್. ಖಿಯೂತಾಮ್ ಚಿರಾಪುಂಜಿಯ ಇಂಥ ಒಂದು ಕಾಡನ್ನು ಅಧ್ಯಯನ ಮಾಡಿ 1990ರ ದಶಕದಲ್ಲಿ ಪ್ರಕಟಿಸಿದರು. ಅಲ್ಲಿ ನೆಲದ ಮೇಲ್ಮೈಯಲ್ಲೇ ಸೂಕ್ಷ್ಮ ಬೇರುಗಳು ಚಾಪೆಯಂತೆ ಹೆಣೆದುಕೊಂಡಿವೆ. ಬಿದ್ದ ತರಗೆಲೆ ಕೊಳೆಯುತ್ತಿದ್ದಂತೆಯೇ ಆ ಬೇರುಗಳು ಪೋಷಕಾಂಶವನ್ನು ಹೀರಿಕೊಳ್ಳುತ್ತವೆ, ಮಳೆ ಅದನ್ನು ಮಣ್ಣಿನೊಳಕ್ಕೆ ಇಳಿಸಿ ತೊಳೆದೊಯ್ಯುವ ಮೊದಲೇ. ಬ್ಯಾಂಕಿನಲ್ಲಿ ಕಾಸಿಲ್ಲದೆ ದಿನಗೂಲಿಯಲ್ಲಿ ನಡೆಯುವ ಸಂಸಾರ ಇದ್ದಹಾಗೆ: ಇಂದು ಬಂದದ್ದು ಇಂದೇ ಖರ್ಚು, ಇಂದೇ ಊಟ. ಕೂಲಿ ತಪ್ಪದೆ ಬರುವವರೆಗೆ ಒಲೆ ಉರಿಯುತ್ತದೆ. ಒಮ್ಮೆ ಕಾಡು ಕಡಿದರೆ ತರಗೆಲೆ ನಿಲ್ಲುತ್ತದೆ, ಬೇರಿನ ಚಾಪೆ ಸಾಯುತ್ತದೆ, ಮರಳಿ ಆರಂಭಿಸಲು ಮಣ್ಣಿನಲ್ಲಿ ಗಂಟಿಲ್ಲ. ಜೇಡಿ ತುಂಬಿದ ಆಳ ಮಣ್ಣಿನಲ್ಲಾದರೆ ಕಡಿದ ಕಾಡು ಕೆಲವು ದಶಕದಲ್ಲಿ ತಲೆಯೆತ್ತಬಹುದು. ಇಲ್ಲಿ ಹುಲ್ಲಿನ ಹಂತಕ್ಕೇ ನಿಂತುಬಿಡುತ್ತದೆ.

ಹಾಗಾದರೆ ಕಡಿದವರು ಯಾರು, ಯಾವಾಗ? ಇತ್ತೀಚಿನ ಕತೆಯಂತೂ ಅಲ್ಲ. ಸಸ್ಯವಿಜ್ಞಾನಿ ಜೋಸೆಫ್ ಹೂಕರ್ 1850ರಲ್ಲಿ ಇಲ್ಲಿಗೆ ಬಂದಾಗಲೇ ನೆತ್ತಿ ಬೋಳಾಗಿತ್ತು, ಕಣಿವೆಗಳು ಸಮೃದ್ಧವಾಗಿದ್ದವು. ಖಾಸಿ ಬೆಟ್ಟಗಳಲ್ಲಿ ಕಬ್ಬಿಣ ಕರಗಿಸುವ ಕಸುಬು ಎರಡು ಸಾವಿರ ವರ್ಷಗಳಷ್ಟು ಹಳೆಯದೆಂದು ಹಳೆಯ ಕಿಟ್ಟದ ರಾಶಿಗಳ ಕಾಲನಿರ್ಣಯದಿಂದ ತಿಳಿದಿದೆ. ಹತ್ತೊಂಬತ್ತನೆಯ ಶತಮಾನದವರೆಗೂ ಅದು ನಡೆಯಿತು. ಕುಲುಮೆಗೆ ಇದ್ದಿಲು ಬೇಕು, ಇದ್ದಿಲಿಗೆ ಮರ. ಜೊತೆಗೆ ಬೆಂಕಿ, ಮೇವು, ಸೌದೆ. ಕಾಡು ತೆಗೆದದ್ದು ಮನುಷ್ಯ, ಅದನ್ನು ಮರಳಿ ಬರದಂತೆ ತಡೆದದ್ದು ಕಲ್ಲು ಮತ್ತು ಮಳೆ ಎಂಬ ವಿವರಣೆ ನನಗೆ ಹೆಚ್ಚು ಸಮಂಜಸವಾಗಿ ಕಾಣುತ್ತದೆ. ಬಂಡೆ ತೀರಾ ಮೇಲಿರುವ ಕೆಲವು ಜಾಗಗಳಲ್ಲಿ ಮೊದಲಿನಿಂದಲೂ ಹುಲ್ಲೇ ಇದ್ದಿರಬಹುದು.

ಕಣಿವೆಗಳು ಹಸಿರಾಗಿರುವುದಕ್ಕೂ ಈ ನೆತ್ತಿಯೇ ಒಂದಿಷ್ಟು ಕಾರಣ. ಮೇಲಿನಿಂದ ಜಾರಿದ ಮಣ್ಣು, ಕಲ್ಲು ಇಳಿಜಾರಿನಲ್ಲಿ ತಂಗುತ್ತವೆ, ಅಲ್ಲಿ ಆಳ ಸಿಗುತ್ತದೆ. ನಾಂಗ್ರಿಯಾಟ್‌ನ ಜೀವಂತ ಬೇರಿನ ಸೇತುವೆ, ಖಾಸಿ ಜನರ ಅಡಿಕೆ ತೋಟ, ವೀಳ್ಯದೆಲೆ, ಕಿತ್ತಳೆ ಎಲ್ಲ ಇರುವುದು ಆ ಇಳಿಜಾರಿನಲ್ಲೇ. ನಮ್ಮ ಮನೆಗಳಲ್ಲಿ ಗುಡಿಸುವ ಮೆತ್ತನೆಯ ಹುಲ್ಲಿನ ಪೊರಕೆಗೂ ಮೇಘಾಲಯದ ಇಳಿಜಾರುಗಳು ಒಂದು ದೊಡ್ಡ ಮೂಲ.

ಈ ನೆಲದಲ್ಲಿ ಬೆಳೆ ತೆಗೆಯುವುದು

ಖಾಸಿ ಬೆಟ್ಟಗಳ ಮೇಲ್ಭಾಗದ ರೈತರು ಮಾಡುವ ‘ಬುನ್’ ಬೇಸಾಯ ಮಣ್ಣಿನ ಈ ಎಲ್ಲ ಕೊರತೆಗೆ ಒಟ್ಟಿಗೇ ಕೊಟ್ಟ ಉತ್ತರ. ಕಡಿದ ಹುಲ್ಲು, ಸೊಪ್ಪನ್ನು ಸಾಲಾಗಿ ಹಾಕಿ, ಮೇಲೆ ಮಣ್ಣು ಮುಚ್ಚಿ, ಒಳಗೊಳಗೇ ನಿಧಾನವಾಗಿ ಸುಡುತ್ತಾರೆ. ನಮ್ಮ ಕರಾವಳಿ-ಮಲೆನಾಡಿನ ಸುಡುಮಣ್ಣು ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೂದಿ ಹುಳಿಯನ್ನು ಇಳಿಸುತ್ತದೆ, ಪೊಟ್ಯಾಷ್ ಕೊಡುತ್ತದೆ, ಕಟ್ಟಿಬಿದ್ದ ರಂಜಕ ಸ್ವಲ್ಪ ಬಿಡಿಸುತ್ತದೆ. ದಿಬ್ಬದಂತೆ ಏರಿಸಿದ ಮಣ್ಣಿನಿಂದ ಬೇರಿಗೆ ಆಳವೂ ಸಿಗುತ್ತದೆ. ಆಲೂಗಡ್ಡೆಗೆ ಅದು ಸಾಕು. ಬೆಲೆ ತೆರುವುದು ಹ್ಯೂಮಸ್. ಸುಟ್ಟಷ್ಟೂ ಅದು ಕರಗುತ್ತದೆ, ದಿಬ್ಬಗಳನ್ನು ಇಳಿಜಾರಿನ ದಿಕ್ಕಿಗೇ ಹಾಕಿದರೆ ಸಾಲಿನ ನಡುವೆ ಮಣ್ಣು ಕೊಚ್ಚಿಹೋಗುತ್ತದೆ. ಬೇಸಾಯದ ನಡುವೆ ನೆಲವನ್ನು ಕೆಲವು ವರ್ಷ ಬೀಳು ಬಿಡುವ ಪದ್ಧತಿ ಇದ್ದದ್ದು ಅದಕ್ಕೇ, ಈಗ ಆ ಬಿಡುವು ಕಡಿಮೆಯಾಗುತ್ತಿದೆ.

ನಮ್ಮಲ್ಲಿ ಇಂಥ ನೆಲ ಇದೆಯೇ

ಅರ್ಧ ಇದೆ. ಮರಳುಗಲ್ಲು ಬೇಕಿದ್ದರೆ ಬಾದಾಮಿಗೆ ಹೋಗಬೇಕು. ಆರನೆಯ ಶತಮಾನದಲ್ಲಿ ಚಾಲುಕ್ಯರು ಗುಹಾಲಯ ಕೊರೆದದ್ದು ಅದೇ ಕಲ್ಲಿನಲ್ಲಿ. ಅಲ್ಲಿನ ಶಿಲ್ಪ ಇಂದಿಗೂ ಅಷ್ಟು ಚೆನ್ನಾಗಿ ಉಳಿದಿರುವುದಕ್ಕೂ, ಗುಡ್ಡದ ನೆತ್ತಿಯಲ್ಲಿ ಮಣ್ಣು ತೆಳ್ಳಗಿರುವುದಕ್ಕೂ ಕಾರಣ ಒಂದೇ, ಕ್ವಾರ್ಟ್ಜ್‌ನ ಹಠ. ಮಳೆ ಮಾತ್ರ ಅಲ್ಲಿ ಚಿರಾಪುಂಜಿಯ ಇಪ್ಪತ್ತರಲ್ಲಿ ಒಂದು ಭಾಗದ ಆಸುಪಾಸು. ಅದೇ ಬಾಗಲಕೋಟೆ ಜಿಲ್ಲೆಯಲ್ಲಿ ಗುಡ್ಡ ಇಳಿದು ಮುಂದೆ ಹೋದರೆ ಎರೆ ಹೊಲ ಸಿಗುತ್ತದೆ. ಒಂದೇ ಆಕಾಶದ ಕೆಳಗೆ ಕಲ್ಲು ಬದಲಾದರೆ ಮಣ್ಣು ಎಷ್ಟು ಬದಲಾಗುತ್ತದೆ ಎಂದು ನೋಡಲು ಅದಕ್ಕಿಂತ ಒಳ್ಳೆಯ ಜಾಗ ಬೇಡ.

ಬೆಟ್ಟದ ಹುಲ್ಲುಗಾವಲು ಬೇಕಿದ್ದರೆ ಕುದುರೆಮುಖ, ಬಾಬಾಬುಡನ್‌ಗಿರಿ ಇವೆ. ಆದರೆ ಅವುಗಳ ಕೆಳಗಿನ ಕಲ್ಲು ಮರಳುಗಲ್ಲಲ್ಲ. ಅಲ್ಲಿ ಹುಲ್ಲಿಗೂ ಶೋಲಾ ಕಾಡಿಗೂ ನಡುವಿನ ಗೆರೆಯನ್ನು ಗಾಳಿ, ಚಳಿ, ಬೆಂಕಿ, ಮಣ್ಣಿನ ಆಳ ಎಲ್ಲವೂ ಸೇರಿ ಎಳೆಯುತ್ತವೆ, ಮತ್ತು ಆ ಹುಲ್ಲುಗಾವಲು ತನ್ನಷ್ಟಕ್ಕೆ ಪೂರ್ಣವಾದ, ಬಹು ಹಳೆಯ ವ್ಯವಸ್ಥೆ. ಸೊಹ್ರಾದ ಪಾಠವನ್ನು ತಂದು ‘ಇಲ್ಲೂ ಮೊದಲು ಕಾಡಿತ್ತು’ ಎಂದು ಅನ್ವಯಿಸುವುದು ಸರಿಯಾಗದು.

ಗಿಡ ನೆಡುವುದಾದರೆ

ಬೋಳು ನೆಲ ಕಂಡ ತಕ್ಷಣ ಹೊಂಡ ತೆಗೆದು ಸಸಿ ನೆಡುವ ಉತ್ಸಾಹ ಎಲ್ಲ ಕಡೆ ಇದೆ, ಸೊಹ್ರಾದಲ್ಲೂ. ಬಂಡೆಯಲ್ಲಿ ತೋಡಿದ ಗೇಣುದ್ದದ ಹೊಂಡ ಜೂನ್‌ನಲ್ಲಿ ಬಾನಿಯಾಗುತ್ತದೆ, ಬೇರು ಕೊಳೆಯುತ್ತದೆ. ಜನವರಿಯಲ್ಲಿ ಒಣಗಿ ಸುಡುತ್ತದೆ. ಮೇಲಿನ ಜಲ್ಲಿ ಹಾಸು ಒಡೆದದ್ದರಿಂದ ಸುತ್ತಲಿನ ಮಣ್ಣೂ ಹೋಗುತ್ತದೆ. ದೇವರ ಕಾಡಿನ ಅಂಚಿನಲ್ಲಿ ಬೆಂಕಿ, ಮೇವು ತಡೆದು, ಅಲ್ಲಿಯ ತರಗೆಲೆಯ ಹಾಸು ತಾನಾಗಿ ಹೊರಗೆ ಹರಡಲು ಬಿಡುವುದು ನಿಧಾನ, ಆದರೆ ಈ ಮಣ್ಣಿನ ಸ್ವಭಾವಕ್ಕೆ ಹೊಂದುವ ದಾರಿ. ಬೇರೆ ಕಡೆ ನೆಡಲೇಬೇಕೆಂದರೆ ಮೊದಲು ಒಂದು ಕಬ್ಬಿಣದ ಸರಳನ್ನು ಅಲ್ಲಲ್ಲಿ ಊರಿ ನೋಡಬೇಕು. ಮರಳುಗಲ್ಲಿನಲ್ಲಿ ಸೀಳುಗಳಿರುತ್ತವೆ, ಅವುಗಳಲ್ಲಿ ಮಣ್ಣು ತುಂಬಿ ಎರಡು-ಮೂರು ಅಡಿ ಆಳವಾಗಿರುವುದುಂಟು, ತೇವವೂ ಅಲ್ಲಿ ಹೆಚ್ಚು ದಿನ ನಿಲ್ಲುತ್ತದೆ. ಹುಲ್ಲುಗಾವಲಿನ ನಡುವೆ ಈಗಾಗಲೇ ಒಂಟಿಯಾಗಿ ನಿಂತ ಮರಗಳು ಬೇರು ಬಿಟ್ಟಿರುವುದೂ ಹೆಚ್ಚಾಗಿ ಅಂಥ ಸೀಳುಗಳಲ್ಲೇ.